ಹಡಗು ಒಡೆದ ಮೇಲೆ

ಭವವನ್ನು ಸಾಗರವೆಂದೂ ದೇಹವನ್ನು ಹಡಗೆಂದೂ ಗುರುವನ್ನು ಅಂಬಿಗನೆಂದೂ ಕರೆಯುವುದು ನಮ್ಮ ಶರಣರಿಗೂ ದಾಸರಿಗೂ ಎಷ್ಟು ಸಹಜವಾಗಿತ್ತೆಂದರೆ, ಸಮುದ್ರವನ್ನು ಒಮ್ಮೆಯೂ ಕಣ್ಣಾರೆ ಕಾಣದೆ ಬಾಳಿ ಮಡಿದ ಬಯಲುಸೀಮೆಯ ಒಕ್ಕಲಿಗನೂ ಸಂಜೆಯ ಭಜನೆಯಲ್ಲಿ ತನ್ನನ್ನು ದಡ ಸೇರಿಸೆಂದು ದೇವರನ್ನು ಬೇಡಿಕೊಳ್ಳುತ್ತಿದ್ದನು. ಆ ಬೇಡಿಕೆಯಲ್ಲಿ ದಡವೆಂದರೆ ದುಃಖದ ಕೊನೆ. ದಡ ಸೇರಿದವನಿಗೆ ಮುಂದೆ ಮಾಡಬೇಕಾದುದು ಯಾವುದೂ ಉಳಿದಿರುವುದಿಲ್ಲ. ಆದರೆ ನಿಜವಾದ ಸಮುದ್ರದಲ್ಲಿ ನಿಜವಾದ ಹಡಗು ಒಡೆದು, ಒದ್ದೆ ಬಟ್ಟೆಯ ನೂರಾರು ಜನ ಹೆಸರರಿಯದ ಒಂದು ತೀರದಲ್ಲಿ ಬೆಳಗಿನ ಬೆಳಕಿಗೆ ಒಬ್ಬರ ಮುಖವನ್ನೊಬ್ಬರು ನೋಡುತ್ತ ನಿಂತಾಗ, ಧರ್ಮದ ಪ್ರಶ್ನೆ ಮುಗಿದಿರುವುದಿಲ್ಲ. ಅದು ಅಲ್ಲಿಂದಲೇ ಮೊದಲಾಗುತ್ತದೆ. ಇನ್ನು ಯಾರು ಯಾರಿಗೆ ಏನು? ಒಡೆಯನು ಆಳಿಗೆ ಏನು, ಬಲವುಳ್ಳವನು ಬಲವಿಲ್ಲದವನಿಗೆ ಏನು, ಬಂದವನು ಆ ನೆಲದವನಿಗೆ ಏನು? ಈ ಪ್ರಶ್ನೆಯನ್ನು ಗ್ರಂಥಗಳಲ್ಲಿ ಓದಿ ತಲೆದೂಗುವುದು ಸುಲಭ. 1782ರಲ್ಲಿ ಆಫ್ರಿಕದ ಪೂರ್ವ ಕರಾವಳಿಯಲ್ಲಿ ಸುಮಾರು ನೂರಿಪ್ಪತ್ತು ಮಂದಿ ಅದನ್ನು ಕಾಲ್ನಡಿಗೆಯಲ್ಲಿ, ಹಸಿದ ಹೊಟ್ಟೆಯಲ್ಲಿ ಎದುರಿಸಬೇಕಾಯಿತು.

ಆ ಹಡಗಿನ ಹೆಸರು ಗ್ರೋವನರ್. ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದ 729 ಟನ್ನಿನ ಮೂರು ಪಟಸ್ತಂಭಗಳ ನೌಕೆ. ಅದರ ನಾಯಕ ಜಾನ್ ಕಾಕ್ಸನ್. ಅದು ಮದರಾಸಿನಿಂದ ಹೊರಟ ಕಾಲ ನಮ್ಮ ಮೈಸೂರಿನ ಚರಿತ್ರೆಗೆ ಸೇರಿದ ಕಾಲ. ಹೈದರಲಿಯ ಸೈನ್ಯ ಘಟ್ಟವಿಳಿದು ಕರ್ನಾಟಿಕ್ ಪ್ರಾಂತವನ್ನು ಆಕ್ರಮಿಸಿತ್ತು. 1780ರ ಸೆಪ್ಟೆಂಬರಿನಲ್ಲಿ ಪೊಲ್ಲಿಲೂರಿನ ಬಯಲಿನಲ್ಲಿ ಕಂಪನಿಯ ದಂಡು ನುಚ್ಚುನೂರಾಗಿತ್ತು. ಸಮುದ್ರದ ಮೇಲೆ ಸುಫ್ರೆನ್ನನ ಫ್ರೆಂಚ್ ನೌಕಾಪಡೆ ಇಂಗ್ಲಿಷರನ್ನು ಕಾಡುತ್ತಿತ್ತು. ಕಂಪನಿಯ ಸಿರಿವಂತ ನೌಕರರಿಗೆ ಹಿಂದೂಸ್ಥಾನ ಸಾಕಾಗಿತ್ತು. ಹೀಗೆ ಊರಿಗೆ ಮರಳುತ್ತಿದ್ದವರಲ್ಲಿ ಮುರ್ಷಿದಾಬಾದಿನಲ್ಲಿ ಕಂಪನಿಯ ರೆಸಿಡೆಂಟನಾಗಿದ್ದ ವಿಲಿಯಂ ಹೋಸಿಯನೂ ಆತನ ಹೆಂಡತಿ ಮಗಳೂ ಇದ್ದರು. ಕರ್ನಲ್ ಜೇಮ್ಸ್ ದಂಪತಿಗಳಿದ್ದರು. ತಂದೆತಾಯಿಗಳಿಲ್ಲದೆ ಇಂಗ್ಲೆಂಡಿಗೆ ಹೊರಟಿದ್ದ ಎಳೆಯ ಮಕ್ಕಳಿದ್ದರು. ಅವರೆಲ್ಲರ ಸೇವೆಗೆ ನಮ್ಮ ದೇಶದ ಆಯಾಗಳೂ, ಹಗ್ಗ ಹಾಯಿಗಳ ಕೆಲಸಕ್ಕೆ ನಮ್ಮ ದೇಶದ ಲಸ್ಕರರೂ ಇದ್ದರು. ಜೂನ್ 13ರಂದು ಟ್ರಿಂಕೊಮಲಿಯನ್ನು ಬಿಟ್ಟ ಹಡಗು ಒಂದೇ ಸಮನೆ ನೈರುತ್ಯಕ್ಕೆ ನಡೆಯಿತು.

ಆಗಸ್ಟ್ 4ರ ಬೆಳಗಿನ ಜಾವ, ಇನ್ನೂ ಕತ್ತಲಿರುವಾಗ, ಮೇಲೆ ಹಾಯಿಯ ಕೆಲಸದಲ್ಲಿದ್ದ ನಾವಿಕರ ಕಣ್ಣಿಗೆ ದೂರದಲ್ಲಿ ಬೆಂಕಿಯಂತಹ ಬೆಳಕುಗಳು ಬಿದ್ದವು. ಅವರು ಕೆಳಗಿಳಿದು ಹೇಳಿದರು. ಅಧಿಕಾರಿ ನಂಬಲಿಲ್ಲ; ಏಕೆಂದರೆ ನಾಯಕನ ಗಣಿತದಂತೆ ನೆಲವಿದ್ದುದು ನೂರಾರು ಮೈಲಿಗಳಾಚೆ. ರೇಖಾಂಶವನ್ನು ನಿಶ್ಚಯವಾಗಿ ಅಳೆಯುವ ಸಾಧನ ಇನ್ನೂ ಎಲ್ಲ ಹಡಗುಗಳಿಗೂ ಬಂದಿರದ ಕಾಲ ಅದು; ವೇಗವನ್ನೂ ದಿಕ್ಕನ್ನೂ ದಿನದಿನವೂ ಬರೆದಿಟ್ಟು ಕೂಡಿಸುತ್ತ ಹೋದರೆ ಬಂದ ಮೊತ್ತವೇ ಹಡಗಿರುವ ಸ್ಥಳ. ಬರೆದ ಲೆಕ್ಕ ಒಂದು ಮಾತು ಹೇಳಿತು, ಕಂಡ ಕಣ್ಣು ಇನ್ನೊಂದು ಮಾತು ಹೇಳಿತು. ಲೆಕ್ಕ ಮೇಲಿನವರದಾಗಿದ್ದುದರಿಂದಲೂ ಕಣ್ಣು ಕೆಳಗಿನವರದಾಗಿದ್ದುದರಿಂದಲೂ ಲೆಕ್ಕವೇ ಗೆದ್ದಿತು. ನಾಯಕನು ಎಚ್ಚೆತ್ತು ಮೇಲೆ ಬಂದು ಹಡಗನ್ನು ತಿರುಗಿಸುವಷ್ಟರಲ್ಲಿ ತಳ ಬಂಡೆಗೆ ಬಡಿದಿತ್ತು. ಪ್ರತ್ಯಕ್ಷವನ್ನು ಪ್ರಮಾಣಗಳಲ್ಲಿ ಮೊದಲನೆಯದಾಗಿ ಎಣಿಸಿದ ನಮ್ಮ ತಾರ್ಕಿಕರಿಗೆ ಈ ಸಂಗತಿ ಹೊಸದಾಗಿ ಕಾಣುತ್ತಿರಲಿಲ್ಲ.

ಈಜಬಲ್ಲ ಕೆಲವರು ಹಗ್ಗವನ್ನು ದಡಕ್ಕೆ ಒಯ್ದರು. ಒಡೆದ ಹಡಗಿನ ಹಿಂಭಾಗ ತೇಲಿ ಬಂಡೆಗಳ ನಡುವಿನ ಒಂದು ಓಣಿಯಲ್ಲಿ ಸಿಲುಕಿತು. ಆದುದರಿಂದ ಹೆಂಗಸರೂ ಮಕ್ಕಳೂ ಸೇರಿ 123 ಮಂದಿ ಜೀವಸಹಿತರಾಗಿ ನೆಲಕ್ಕೆ ಕಾಲಿಟ್ಟರು. ಸತ್ತವರು ಹದಿನೈದರ ಆಸುಪಾಸು. ಇಷ್ಟು ದೊಡ್ಡ ಅಪಘಾತದಲ್ಲಿ ಇಷ್ಟು ಜನ ಬದುಕಿದುದನ್ನು ಕಂಡು ಆ ಬೆಳಿಗ್ಗೆ ಅವರು ದೇವರಿಗೆ ಕೃತಜ್ಞತೆ ಸಲ್ಲಿಸಿರಬೇಕು. ಅದು ಪೊಂಡೊ ಜನರ ನಾಡು, ಉಮ್ಜಿಮ್ವುಬು ನದಿಯ ಮುಖದಿಂದ ಉತ್ತರಕ್ಕಿರುವ ಹಸುರು ಗುಡ್ಡಗಳ ತೀರ. ದಕ್ಷಿಣಕ್ಕೆ ನಡೆದರೆ ಹದಿನೈದು ಹದಿನಾರು ದಿನಗಳಲ್ಲಿ ಡಚ್ಚರ ವಸತಿ ಸಿಕ್ಕೀತೆಂದು ಕಾಕ್ಸನ್ ಹೇಳಿದನು. ನಿಜವಾಗಿ ಅತ್ಯಂತ ಹತ್ತಿರದ ಡಚ್ ಹೊಲಮನೆ ನಾನೂರು ಮೈಲಿಗಳಷ್ಟು ದೂರದಲ್ಲಿತ್ತು. ನಡುವೆ ಹತ್ತಾರು ನದಿಗಳು ಸಮುದ್ರವನ್ನು ಸೇರುತ್ತಿದ್ದವು. ಸಮುದ್ರದ ಮೇಲಿನ ಲೆಕ್ಕದಂತೆಯೇ ನೆಲದ ಮೇಲಿನ ಲೆಕ್ಕವೂ ತಪ್ಪಿತ್ತು.

ಆಗಸ್ಟ್ 7ರಂದು ಅವರು ಹೊರಟರು. ಮೊದಲ ದಿನಗಳಲ್ಲಿ ಹಡಗಿನ ಕ್ರಮವೇ ನೆಲದ ಮೇಲೆಯೂ ನಡೆದುಬಂತು: ನಾಯಕನ ಆಜ್ಞೆ, ಅಧಿಕಾರಿಗಳ ಮೇಲ್ವಿಚಾರಣೆ, ನಡುವೆ ಹೆಂಗಸರು ಮಕ್ಕಳು. ಮೊದಲನೆಯ ಮೇಟ್, ಎಂದರೆ ನಾಯಕನ ಕೈಕೆಳಗಿನ ಮೊದಲ ಅಧಿಕಾರಿ, ಅಲೆಗ್ಸಾಂಡರ್ ಲೋಗಿ ಕಾಯಿಲೆಯಿಂದ ನಡೆಯಲಾರದವನಾಗಿದ್ದುದರಿಂದ ಅವನನ್ನು ಜೋಲಿಯಲ್ಲಿ ಮಲಗಿಸಿ, ಗಳುವಿಗೆ ಕಟ್ಟಿ, ನಾವಿಕರು ಹೆಗಲ ಮೇಲೆ ಹೊತ್ತು ನಡೆದರು. ನಮ್ಮ ಹಳ್ಳಿಗಳಲ್ಲಿ ಆಸ್ಪತ್ರೆಗೆ ದಾರಿಯಿಲ್ಲದ ಕಾಲದಲ್ಲಿ ರೋಗಿಯನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ನಡೆದವರನ್ನು ಕಂಡವರಿಗೆ ಆ ಭಾರದ ಅರಿವಿದ್ದೀತು: ಹೊರುವವರು ನಾಲ್ವರು, ಆದರೆ ಒಬ್ಬನು ಹೆಜ್ಜೆ ತಪ್ಪಿದರೆ ನಾಲ್ವರೂ ನಿಲ್ಲಬೇಕು, ಏರಿನಲ್ಲಿ ಹಿಂದಿನವನ ಹೆಗಲಿಗೆ, ಇಳಿಜಾರಿನಲ್ಲಿ ಮುಂದಿನವನ ಹೆಗಲಿಗೆ ಎಲ್ಲ ತೂಕವೂ ಬೀಳುವುದು. ಕೆಲವು ದಿನ ಹೊತ್ತರು. ಹೊರಟು ವಾರ ತುಂಬುವುದರೊಳಗೆ ಗುಂಪು ಒಡೆಯಿತು. ಬಲವುಳ್ಳವರು ಮುಂದೆ ನಡೆದುಬಿಟ್ಟರು. ನಾಯಕನೂ ರೋಗಿಯೂ ಹೆಂಗಸರೂ ಹೆಚ್ಚಿನ ಮಕ್ಕಳೂ ಹಿಂದುಳಿದರು. ಹಾಗೆ ಹಿಂದುಳಿದ ಇಂಗ್ಲಿಷರಲ್ಲಿ ಒಬ್ಬರೂ ಊರಿಗೆ ಮರಳಲಿಲ್ಲ.

ಇಲ್ಲಿ ನಾವು ನಿಂತು ಯೋಚಿಸಬೇಕಾದ ಒಂದು ವಿವರವುಂಟು. ಆ ಕಾಲದ ಇಂಗ್ಲಿಷ್ ವ್ಯಾಪಾರಿ ನೌಕೆಗಳ ನ್ಯಾಯದಂತೆ ನಾವಿಕನ ಸಂಬಳ ಹೊರಡುತ್ತಿದ್ದುದು ಸರಕಿನ ಬಾಡಿಗೆಯಿಂದ. ಸರಕು ಮುಟ್ಟಿದರೆ ಬಾಡಿಗೆ, ಬಾಡಿಗೆ ಬಂದರೆ ಕೂಲಿ. ಹಡಗು ಒಡೆದ ದಿನವೇ ಸಂಬಳ ನಿಲ್ಲುತ್ತಿತ್ತು. ಸಂಬಳ ನಿಂತ ಮೇಲೆ ನಾಯಕನು ನಾಯಕನಲ್ಲ, ಆಳು ಆಳಲ್ಲ ಎಂಬುದು ನಾವಿಕರಲ್ಲಿ ರೂಢವಾಗಿದ್ದ ತಿಳುವಳಿಕೆ. ಹೀಗಾಗಿ ಆ ತೀರದಲ್ಲಿ ಬಂಡೆಗೆ ಬಡಿದು ಚೂರಾದುದು ಮರದ ಹಡಗೊಂದೇ ಅಲ್ಲ. ಆ ನೂರಿಪ್ಪತ್ತು ಮಂದಿಯನ್ನು ಒಬ್ಬರಿಗೊಬ್ಬರನ್ನು ಕಟ್ಟಿದ್ದ ಒಪ್ಪಂದವೂ ಚೂರಾಯಿತು. ಕೂಲಿಯಿಂದ ಹುಟ್ಟಿದ ಕರ್ತವ್ಯ ಕೂಲಿಯೊಡನೆ ಸಾಯುವುದು ನ್ಯಾಯವೇ ಸರಿ. ಉಳಿಯುವ ಪ್ರಶ್ನೆಯೆಂದರೆ, ಕೂಲಿಯಿಂದ ಹುಟ್ಟದ ಕರ್ತವ್ಯವೊಂದು ಮನುಷ್ಯನಿಗೆ ಇದೆಯೆ ಇಲ್ಲವೆ, ಇದ್ದರೆ ಅದು ಆಪತ್ತಿನಲ್ಲಿಯೂ ನಿಲ್ಲತಕ್ಕದ್ದೆ ಎಂಬುದು.

ನಮ್ಮ ಶಾಸ್ತ್ರಕಾರರು ಆಪತ್ತನ್ನು ಮರೆತವರಲ್ಲ. ಮಹಾಭಾರತದ ಶಾಂತಿಪರ್ವದಲ್ಲಿ ಆಪದ್ಧರ್ಮಕ್ಕೆಂದೇ ಒಂದು ದೊಡ್ಡ ಭಾಗ ಮೀಸಲಾಗಿದೆ. ಹನ್ನೆರಡು ವರ್ಷಗಳ ಕ್ಷಾಮದಲ್ಲಿ ಹಸಿದು ಬಿದ್ದ ವಿಶ್ವಾಮಿತ್ರನು ರಾತ್ರಿಯಲ್ಲಿ ಚಂಡಾಲನ ಗುಡಿಸಲಿಗೆ ನುಗ್ಗಿ ನಾಯಿಯ ಮಾಂಸವನ್ನು ಕದಿಯಲು ಹೋದ ಕಥೆ ಅಲ್ಲಿದೆ. ಕದಿಯಬೇಡ, ನಿನಗಿದು ತಕ್ಕುದಲ್ಲ ಎಂದು ಆ ಚಂಡಾಲನೇ ಋಷಿಗೆ ಬುದ್ಧಿ ಹೇಳುತ್ತಾನೆ. ಬದುಕಿದರೆ ತಾನೆ ಧರ್ಮವನ್ನು ಆಚರಿಸುವುದು ಎಂದು ಋಷಿ ಉತ್ತರ ಕೊಡುತ್ತಾನೆ. ಈ ಕಥೆಯನ್ನು ಮಾತ್ರ ಓದಿದವನು ಆಪತ್ತಿನಲ್ಲಿ ಎಲ್ಲವೂ ಸಲ್ಲುವುದೆಂದು ತಿಳಿದುಕೊಂಡಾನು. ಆದರೆ ಅದರ ಪಕ್ಕದಲ್ಲಿ ಛಾಂದೋಗ್ಯ ಉಪನಿಷತ್ತಿನ ಉಷಸ್ತಿ ಚಾಕ್ರಾಯಣನ ಕಥೆಯನ್ನಿಟ್ಟು ನೋಡಬೇಕು. ಕುರುದೇಶದ ಬೆಳೆ ಹಾಳಾಗಿ ಹಸಿವಿನಿಂದ ಅಲೆಯುತ್ತಿದ್ದ ಆ ಬ್ರಾಹ್ಮಣನು, ಮಾವಟಿಗನೊಬ್ಬನು ತಿನ್ನುತ್ತಿದ್ದ ಎಂಜಲು ಉದ್ದನ್ನು ಬೇಡಿ ತಿಂದನು; ಅವನು ನೀರು ಕೊಡಬಂದಾಗ ಎಂಜಲೆಂದು ಬೇಡವೆಂದನು. ಉದ್ದು ಎಂಜಲಲ್ಲವೆ ಎಂದು ಕೇಳಿದ್ದಕ್ಕೆ, ಅದನ್ನು ತಿನ್ನದಿದ್ದರೆ ನಾನು ಬದುಕುತ್ತಿರಲಿಲ್ಲ, ನೀರಾದರೋ ನನಗೆ ಬೇಕಾದ ಕಡೆ ಸಿಗುತ್ತದೆ ಎಂಬುದು ಅವನ ಸಮಾಧಾನ. ವಿನಾಯಿತಿ ಪ್ರಾಣದ ಅಂಚಿನವರೆಗೆ, ಅದರಿಂದಾಚೆಗೆ ಒಂದು ಗುಟುಕೂ ಇಲ್ಲ. ಇದನ್ನು ವಿದ್ವಾಂಸರು ಹೇಳುತ್ತ ಬಂದಿದ್ದಾರೆ. ಆದರೆ ಆ ಕಥೆಯಲ್ಲಿ ನನ್ನ ಮನಸ್ಸು ನಿಲ್ಲುವುದು ಅದರ ಮುಂದಿನ ಸಣ್ಣ ಸಂಗತಿಯಲ್ಲಿ: ತಿಂದು ಉಳಿದ ಉದ್ದನ್ನು ಉಷಸ್ತಿ ತನ್ನ ಹೆಂಡತಿಗಾಗಿ ಮನೆಗೆ ತಂದನು. ಎಂಜಲು ತಿನ್ನುವಷ್ಟು ಹಸಿದವನು, ಎಂಜಲಿನಲ್ಲಿಯೂ ಇನ್ನೊಬ್ಬಳ ಪಾಲನ್ನು ಮರೆಯಲಿಲ್ಲ.

ಈ ಎರಡು ಕಥೆಗಳಿಂದ ನನಗೆ ಹೊಳೆಯುವ ತತ್ತ್ವ ಇದು. ಆಪದ್ಧರ್ಮ ಸಡಿಲಿಸುವುದು ನಾನು ನನ್ನ ಮೇಲೆ ಹೇರಿಕೊಂಡ ಕಟ್ಟಳೆಗಳನ್ನು: ಏನನ್ನು ತಿನ್ನಬೇಕು, ಯಾರಿಂದ ಪಡೆಯಬೇಕು, ಯಾವ ವೃತ್ತಿಯನ್ನು ಹಿಡಿಯಬೇಕು, ಯಾವ ಶೌಚವನ್ನು ಪಾಲಿಸಬೇಕು. ಇನ್ನೊಬ್ಬ ಜೀವಿ ನನ್ನ ಮೇಲೆ ಇಟ್ಟ ಭರವಸೆಯನ್ನು ಅದು ಸಡಿಲಿಸುವುದಿಲ್ಲ. ಗ್ರೋವನರಿನ ಜನ ಬಂಡೆಗೆ ಅಂಟಿದ ಚಿಪ್ಪುಗಳನ್ನು ಕಿತ್ತು ತಿಂದರು. ದಡಕ್ಕೆ ಬಿದ್ದ ಸತ್ತ ತಿಮಿಂಗಿಲದ ಕೊಳೆತ ಮಾಂಸವನ್ನು ತಿಂದರು. ನೀರು ಸಿಕ್ಕದಾಗ ಹೇಳಬಾರದುದನ್ನು ಕುಡಿದರು. ಇದೆಲ್ಲವೂ ವಿಶ್ವಾಮಿತ್ರನಿಗೆ ಸಂದಂತೆ ಅವರಿಗೂ ಸಲ್ಲತಕ್ಕದ್ದು. ಬೆನ್ನ ಮೇಲಿದ್ದ ಮಗುವನ್ನು ಇಳಿಸಿ ನಡೆಯುವುದು ಬೇರೆ ಜಾತಿಯ ಪ್ರಶ್ನೆ. ಅದು ನನ್ನ ಶುದ್ಧಿಯ ಲೆಕ್ಕವಲ್ಲ, ಅದರ ಜೀವದ ಲೆಕ್ಕ.

ಹೀಗೆಂದು ಮುಂದೆ ನಡೆದ ನಾವಿಕರನ್ನು ನಾನು ಪಾಪಿಗಳೆನ್ನಲಾರೆ. ಎಲ್ಲರೂ ಹಿಂದೆಯೇ ಉಳಿದಿದ್ದರೆ ಸುದ್ದಿ ತಲುಪಿಸುವವರೇ ಇಲ್ಲದೆ ಎಲ್ಲರೂ ಸಾಯಬಹುದಾಗಿತ್ತು. ನಿಧಾನವಾಗಿ ನಡೆಯುವ ದೊಡ್ಡ ಗುಂಪಿಗೆ ಚಿಪ್ಪಿನ ಆಹಾರ ಸಾಲದಾಗಿತ್ತು. ಬೆಚ್ಚಗೆ ಉಂಡು ಕುಳಿತು ಬರೆಯುವ ನನಗೆ, ಕಾಲು ಒಡೆದು ಹಸಿದು ನಡೆದವರ ಮೇಲೆ ತೀರ್ಪು ಕೊಡುವ ಅಧಿಕಾರವಿಲ್ಲ. ಸಾಮಾನ್ಯನಾದ ಮನುಷ್ಯನು ಮಾಡುವುದನ್ನೇ ಅವರು ಮಾಡಿದರು. ಪ್ರಶ್ನೆಯಿರುವುದು ಸಾಮಾನ್ಯನ ದೋಷದಲ್ಲಲ್ಲ; ಸಾಮಾನ್ಯರಲ್ಲೇ ಒಬ್ಬನು ಬೇರೆ ರೀತಿ ನಡೆದುಕೊಂಡಾಗ, ಅದು ಎಲ್ಲಿಂದ ಬಂತು ಎಂಬುದರಲ್ಲಿ.

ಹಡಗಿನಲ್ಲಿದ್ದ ಮಕ್ಕಳಲ್ಲಿ ಥಾಮಸ್ ಲಾ ಎಂಬ ಹುಡುಗ ಏಳು ವರ್ಷದವನು. ಗುಂಪು ಒಡೆದಾಗ ಅವನು ಹಿಂದುಳಿದವರ ಬಳಿ ನಿಲ್ಲದೆ, ತನ್ನಲ್ಲಿ ಪ್ರೀತಿ ತೋರಿದ್ದವರ ಹಿಂದೆ ಅಳುತ್ತ ಓಡಿಬಂದನು. ಬಂದವನನ್ನು ಅವರು ಹಿಂದಕ್ಕಟ್ಟಲಿಲ್ಲ. ಶಕ್ತಿಯಿದ್ದವರು ಸರದಿಯ ಮೇಲೆ ಅವನನ್ನು ಹೊತ್ತರು. ನದಿಗಳನ್ನು ದಾಟುವಾಗ ತೆಪ್ಪದ ಮೇಲಿಟ್ಟು ತಳ್ಳಿದರು. ಮರಳಿನಲ್ಲಿ ಅವನು ತಾನೇ ನಡೆಯಬಲ್ಲೆನೆಂದಾಗ ಅವನ ಹೆಜ್ಜೆಗೆ ತಕ್ಕಂತೆ ತಮ್ಮ ಹೆಜ್ಜೆಯನ್ನು ಕುಗ್ಗಿಸಿದರು. ದಿನ ಕಳೆದಂತೆ ಹೊರುವ ಹೆಗಲುಗಳು ಕಡಮೆಯಾದವು. ಕೊನೆಗೆ ಹುಡುಗನ ಪೂರ್ತಿ ಹೊಣೆಯನ್ನು ವಹಿಸಿಕೊಂಡವನು ಹೆನ್ರಿ ಲಿಲ್‌ಬರ್ನ್, ಹಡಗಿನ ಉಗ್ರಾಣ ನೋಡಿಕೊಳ್ಳುತ್ತಿದ್ದ ಸ್ಟೂವರ್ಡ್. ಅವನಿಗೂ ಹುಡುಗನಿಗೂ ರಕ್ತಸಂಬಂಧವಿರಲಿಲ್ಲ. ವಾರಗಳ ನಡಿಗೆಯ ಬಳಿಕ ಒಂದು ದಿನ ಅವರು ಬೆಂಕಿ ಹೊತ್ತಿಸಿ, ಸಿಕ್ಕಿದುದನ್ನು ಬೇಯಿಸುತ್ತ, ದಣಿದ ಹುಡುಗ ಸ್ವಲ್ಪ ಮಲಗಲಿ ಎಂದು ಬಿಟ್ಟರು. ಆಹಾರ ಸಿದ್ಧವಾದ ಮೇಲೆ ಎಬ್ಬಿಸಹೋದಾಗ ಹುಡುಗ ಏಳಲಿಲ್ಲ. ನಿದ್ರೆಯಲ್ಲಿಯೇ ಪ್ರಾಣ ಹೋಗಿತ್ತು. ಲಿಲ್‌ಬರ್ನ್ ಅದಾದ ಮೇಲೆ ಹೆಚ್ಚು ದಿನ ಬದುಕಲಿಲ್ಲ. ಬದುಕಿ ಬಂದ ಜಾನ್ ಹೈನ್ಸ್ ಎಂಬ ನಾವಿಕನಿಂದ ಕೇಳಿ ಜಾರ್ಜ್ ಕಾರ್ಟರ್ ಎಂಬಾತನು ಇದನ್ನು 1791ರಲ್ಲಿ ಗ್ರಂಥಸ್ಥಗೊಳಿಸಿದನು. ಅರುವತ್ತು ವರ್ಷಗಳ ಬಳಿಕ ಇಂಗ್ಲಿಷ್ ಕಾದಂಬರಿಕಾರ ಡಿಕನ್ಸ್ ಇದನ್ನು ನೆನೆದು ಬರೆದನು.

ಈ ವೃತ್ತಾಂತವನ್ನು ಮೊದಲು ಓದಿದಾಗ ನನಗೆ ನೆನಪಾದುದು ಮಹಾಪ್ರಸ್ಥಾನ. ಬಾಲ್ಯದಲ್ಲಿ, ಮನೆಯ ಹಿರಿಯರ ಬಾಯಿಂದ ಆ ಕಥೆಯನ್ನು ಕೇಳಿದ ರಾತ್ರಿ ನನಗೆ ನಿದ್ರೆ ಬಂದಿರಲಿಲ್ಲ. ದ್ರೌಪದಿ ಬಿದ್ದಳು, ಸಹದೇವ ಬಿದ್ದನು, ನಕುಲ ಬಿದ್ದನು, ಅರ್ಜುನ ಬಿದ್ದನು, ಕೊನೆಗೆ ಭೀಮನೂ ಬಿದ್ದನು. ಧರ್ಮರಾಯನು ಪ್ರತಿಯೊಬ್ಬರ ಬೀಳುವಿಕೆಗೆ ಒಂದೊಂದು ಕಾರಣವನ್ನು ಹೇಳಿ, ತಿರುಗಿ ನೋಡದೆ ನಡೆದುಹೋದನು. ತಮ್ಮಂದಿರಿಗಾಗಿ ನಿಲ್ಲದ ಈತನು ಯಾವ ಧರ್ಮದ ರಾಯ ಎಂದು ನಾನು ಕೇಳಿದ್ದಕ್ಕೆ ಮುಂದೆ ಕೇಳು ಎಂಬುದೊಂದೇ ಉತ್ತರ ಬಂತು. ಮುಂದೆ ಬಂದುದು ನಾಯಿಯ ಕಥೆ: ಇಂದ್ರನು ರಥ ತಂದು ನಿಲ್ಲಿಸಿದಾಗ, ದಾರಿಯುದ್ದಕ್ಕೂ ತನ್ನನ್ನು ನೆಚ್ಚಿ ಬಂದ ನಾಯಿಯನ್ನು ಬಿಟ್ಟು ಬರಲಾರೆನೆಂದು ಧರ್ಮರಾಯನು ಸ್ವರ್ಗವನ್ನೇ ಬೇಡವೆಂದನು. ಅಂದು ನನಗೆ ಇವೆರಡೂ ಒಂದಕ್ಕೊಂದು ಹೊಂದುವುದು ಹೇಗೆಂದು ತಿಳಿದಿರಲಿಲ್ಲ. ಇಂದು ಸ್ವಲ್ಪ ತಿಳಿಯುತ್ತದೆಂದು ತೋರುತ್ತದೆ. ಬಿದ್ದವರು ಸತ್ತವರು, ಸತ್ತವರಿಗಾಗಿ ಮಾಡಬೇಕಾದುದು ಅವನ ಕೈಯಲ್ಲಿರಲಿಲ್ಲ. ನಾಯಿ ಬದುಕಿತ್ತು, ಅವನನ್ನೇ ನೋಡುತ್ತಿತ್ತು. ವ್ಯಾಸರು ಧರ್ಮವನ್ನು ಕುಲದಿಂದಲೂ ನಂಟಿನಿಂದಲೂ ರಾಜ್ಯದಿಂದಲೂ ಕೂಲಿಯಿಂದಲೂ ಬಿಡಿಸಿ, ಕಟ್ಟಕಡೆಗೆ ಏನು ಉಳಿಯುವುದೋ ಅದನ್ನು ಆ ಹಿಮದ ದಾರಿಯಲ್ಲಿ ತೋರಿಸಿದ್ದಾರೆ. ಉಳಿಯುವುದು ಇಷ್ಟೆ: ನೆಚ್ಚಿ ಹಿಂದೆ ಬಂದುದನ್ನು ಬಿಡದಿರುವುದು.

ವ್ಯಾಸರ ಕಥೆಯಲ್ಲಿ ನಾಯಿ ಯಮಧರ್ಮನಾಗಿ ನಿಂತು ಮಗನನ್ನು ಹರಸಿತು. ಆಫ್ರಿಕದ ತೀರದಲ್ಲಿ ರಥ ಇಳಿಯಲಿಲ್ಲ, ಮಗು ಮಗುವಾಗಿಯೇ ಸತ್ತಿತು, ಹೊತ್ತವನೂ ಸತ್ತನು. ಹಾಗಾದರೆ ಹೊತ್ತದ್ದು ವ್ಯರ್ಥವಾಯಿತೆ? ಫಲದಿಂದ ಕರ್ಮವನ್ನು ಅಳೆಯುವವನು ವ್ಯರ್ಥವೆನ್ನಬೇಕಾಗುತ್ತದೆ. ಕಾಕ್ಸನ್ನನ ಲೆಕ್ಕದಂತೆಯೇ ಅದೂ ಒಂದು ಲೆಕ್ಕ. ಫಲದಾಸೆಯಿಲ್ಲದೆ ಮಾಡಬೇಕೆಂಬ ಗೀತೆಯ ಮಾತನ್ನು ಇಲ್ಲಿ ತಂದು, ಆ ಮಗುವಿನ ಸಾವನ್ನು ಹಗುರಗೊಳಿಸಲು ನಾನು ಇಚ್ಛಿಸುವುದಿಲ್ಲ. ಆ ಸಾವು ಹಗುರವಲ್ಲ. ಅದಕ್ಕೆ ಯಾವ ಸಿದ್ಧಾಂತದಲ್ಲಿಯೂ ಸಮಾಧಾನವಿಲ್ಲ. ಆದರೆ ಒಂದು ಮಾತು ನಿಜ. ಆ ಹುಡುಗನು ಒಬ್ಬಂಟಿಯಾಗಿ, ಹುಲ್ಲಿನ ನಡುವೆ ಹೆದರಿ ಕೂಗುತ್ತ ಸಾಯಲಿಲ್ಲ. ಬೆಂಕಿಯ ಪಕ್ಕದಲ್ಲಿ, ತನ್ನವರು ಅಡುಗೆ ಮಾಡುತ್ತಿದ್ದಾರೆಂಬ ನೆಮ್ಮದಿಯಲ್ಲಿ ಕಣ್ಣು ಮುಚ್ಚಿದನು. ಏಳು ವರ್ಷದ ಮಗುವಿಗೆ ಲೋಕವೆಂದರೆ ಅಷ್ಟೇ. ಅವನ ಲೋಕವನ್ನು ಕೊನೆಯವರೆಗೂ ಒಡೆಯಗೊಡಲಿಲ್ಲ ಎಂಬುದು ಲಿಲ್‌ಬರ್ನ್ ಸಾಧಿಸಿದ ಫಲ. ಅದು ಆಗಲೇ ಪೂರ್ಣವಾದ ಫಲ.

ಈ ಕಥೆಗೆ ಇನ್ನೊಂದು ಮಗ್ಗುಲುಂಟು, ಅದನ್ನು ಬಿಟ್ಟರೆ ಅಧರ್ಮವಾಗುತ್ತದೆ. ಇಂಗ್ಲಿಷರು ಮೊದಮೊದಲು ಬರೆದುಕೊಂಡಂತೆ ಆ ನಾಡಿನ ಜನ ಕಲ್ಲೆಸೆದರು, ಮೈ ತಡಕಿದರು, ಅಂಗಿಯ ಲೋಹದ ಗುಂಡಿಗಳನ್ನು ಕಿತ್ತುಕೊಂಡರು. ನಿಜ. ಆದರೆ ಆ ಜನರ ಕಡೆಯಿಂದಲೂ ನೋಡಬೇಕು. ಕಬ್ಬಿಣವೂ ತಾಮ್ರವೂ ಚಿನ್ನದಂತೆ ದುರ್ಲಭವಾಗಿದ್ದ ನಾಡಿಗೆ, ದನಗಳೇ ಸಂಪತ್ತಾದ ನಾಡಿಗೆ, ಭಾಷೆ ತಿಳಿಯದ ನೂರಿಪ್ಪತ್ತು ಜನ ಒಮ್ಮೆಗೇ ಸಮುದ್ರದಿಂದ ಎದ್ದುಬಂದು ಕೊಟ್ಟಿಗೆಗಳ ಪಕ್ಕದಲ್ಲಿ ನಡೆದರೆ ಯಾವ ಊರಿನವರು ತಾನೆ ಕೋಲು ಹಿಡಿಯುವುದಿಲ್ಲ? ಇನ್ನೂ ದಕ್ಷಿಣದಲ್ಲಿ, ಡಚ್ಚರ ಗಡಿಯ ಬಳಿ, ದನ ಮತ್ತು ಹುಲ್ಲುಗಾವಲುಗಳಿಗಾಗಿ ಬಿಳಿಯರಿಗೂ ಖೋಸಾ ಜನರಿಗೂ ನಡೆದ ಯುದ್ಧ ಮುಗಿದು ಒಂದು ವರ್ಷವಷ್ಟೇ ಆಗಿತ್ತು. ಗಮನಿಸತಕ್ಕ ಸಂಗತಿ ಬೇರೆಯಿದೆ: ದೊಡ್ಡ ಗುಂಪಾಗಿ ನಡೆದಾಗ ಕಲ್ಲು ಬಿದ್ದ ಅದೇ ಜನರ ನಡುವೆ, ಎಲ್ಲವನ್ನೂ ಕಳೆದುಕೊಂಡು ಒಬ್ಬೊಬ್ಬರಾಗಿ ಗುಡಿಸಲ ಮುಂದೆ ಬಿದ್ದವರಿಗೆ ಆಶ್ರಯ ಸಿಕ್ಕಿತು. ಎರಡನೆಯ ಮೇಟ್‌ನ ಸೇವಕನಾಗಿದ್ದ ವಿಲಿಯಂ ಹಬರ್ಲಿ ತನ್ನ ಜೊತೆಗಾರರೆಲ್ಲ ಒಬ್ಬೊಬ್ಬರಾಗಿ ಸಾಯುವುದನ್ನು ನೋಡಿ, ಏಕಾಕಿಯಾಗಿ, ಬದುಕುವ ಆಸೆಯನ್ನು ಬಿಟ್ಟು ಅಲೆದಾಗ, ಅವನನ್ನು ಒಳಗೆ ಕರೆದು ಉಣಿಸಿ ಉಳಿಸಿದವರು ಅವನು ಹೆದರಿ ದೂರವಿಟ್ಟಿದ್ದ ಜನರೇ. ಕೊಡಲೂ ಇಲ್ಲ, ಕಸಿಯಲೂ ಇಲ್ಲ ಎಂಬ ಸ್ಥಿತಿಗೆ ಬಂದ ಮೇಲೆ ಅವನು ಅವರ ಕಣ್ಣಿಗೆ ಪರಕೀಯನಾಗಿ ಕಾಣದೆ ಹಸಿದ ಮನುಷ್ಯನಾಗಿ ಕಂಡನು.

ಕಾಲಿಗೆ ಶಕ್ತಿಯಿಲ್ಲದೆ ಒಡೆದ ಹಡಗಿನ ಬಳಿಯಲ್ಲಿಯೇ ನಿಂತ ಸೈನಿಕನೊಬ್ಬನಿದ್ದನು. ಅವನು ಹಡಗಿನ ಸೀಸ ತವರಗಳಿಂದ ಸಣ್ಣ ಒಡವೆಗಳನ್ನು ಮಾಡಿ ಊರವರಿಗೆ ಕೊಟ್ಟು ಅವರ ಭಾಷೆ ಕಲಿಯುತ್ತೇನೆಂದು ಹೇಳಿ ಉಳಿದನು. ಹೊರಟವರು ಅವನಿಗಾಗಿ ಮರುಗಿದರು. ಅವನ ಮುಂದಿನ ಗತಿ ಹೇಗೇ ಇರಲಿ, ಆ ನೂರಿಪ್ಪತ್ತು ಮಂದಿಯಲ್ಲಿ ಆ ನೆಲದ ಜನರಿಗೆ ಏನನ್ನಾದರೂ ಕೊಟ್ಟು ಬದುಕಬೇಕೆಂದು ಮೊದಲು ಯೋಚಿಸಿದವನು ಆ ಕುಂಟನೇ. ಆ ತೀರಕ್ಕೆ ಇದು ಹೊಸದೂ ಅಲ್ಲ. ಗ್ರೋವನರಿಗಿಂತ ದಶಕಗಳ ಹಿಂದೆ ಇನ್ನಾವುದೋ ಹಡಗು ಒಡೆದು ಅಲ್ಲಿ ದಡಕ್ಕೆ ಬಿದ್ದ ಬಿಳಿಯ ಹುಡುಗಿಯೊಬ್ಬಳನ್ನು ಆ ಜನ ಸಾಕಿದರು; ಸಮುದ್ರದ ಮೊರೆತ ಎಂಬರ್ಥದ ಗ್‌ಕುಮಾ ಎಂಬ ಹೆಸರಿಟ್ಟರು; ಅವಳು ನಾಯಕರ ಮನೆತನದ ಸೊಸೆಯಾಗಿ ಬಾಳಿ, ಮಕ್ಕಳು ಮೊಮ್ಮಕ್ಕಳನ್ನು ಕಂಡು, ಮುದುಕಿಯಾಗಿ ತೀರಿಕೊಂಡಳು. ಹಾಗೆ ಸಮುದ್ರದಿಂದ ಬಂದವರ ಸಂತತಿಗೆ ಅಬೆಲುಂಗು, ಎಂದರೆ ಬಿಳಿಯರು, ಎಂಬ ಕುಲನಾಮ ಇಂದಿಗೂ ಆ ನಾಡಿನಲ್ಲಿ ನಡೆಯುತ್ತಿದೆ. ಮನುಷ್ಯನು ಮನುಷ್ಯನಾಗುವುದು ಇತರ ಮನುಷ್ಯರಿಂದ ಎಂಬುದು ಆ ಭಾಷೆಗಳ ಗಾದೆ. ಅದಕ್ಕೆ ಅವರು ಉಬುಂಟು ಎನ್ನುತ್ತಾರೆ. ಅತಿಥಿಯಲ್ಲಿ ದೇವರನ್ನು ಕಾಣಬೇಕೆಂದು ನಮ್ಮ ಉಪನಿಷತ್ತು ಹೇಳಿತು. ಅಲೆ ಎಸೆದ ಅನಾಥೆಯನ್ನು ಕುಲಕ್ಕೇ ಸೇರಿಸಿಕೊಂಡವರು ಅದನ್ನು ಓದಿರಲಿಲ್ಲ, ಮಾಡಿದ್ದರು.

ನವೆಂಬರ್ 29ರಂದು, ಹಡಗು ಒಡೆದ 117ನೆಯ ದಿನ, ಆರು ಮಂದಿ ನಾವಿಕರು ಡಚ್ಚರ ಒಂದು ಹೊಲಮನೆಯನ್ನು ತಲುಪಿದರು. ಒಂದು ವಾರ ಕಳೆದು, ಇತ್ತ ಚಿತ್ತೂರಿನ ಬಳಿಯ ಪಾಳೆಯದಲ್ಲಿ ಹೈದರಲಿ ಕಣ್ಣುಮುಚ್ಚಿದನು. ಇಂಗ್ಲಿಷರಿಗೂ ಡಚ್ಚರಿಗೂ ಆಗ ಯುದ್ಧ ನಡೆಯುತ್ತಿತ್ತು. ಆ ವರ್ಷದ ಆದಿಯಲ್ಲಿಯೇ ಇಂಗ್ಲಿಷರು ಟ್ರಿಂಕೊಮಲಿಯನ್ನು ಡಚ್ಚರಿಂದ ಕಸಿದುಕೊಂಡಿದ್ದರು. ಆದರೂ ಆಫ್ರಿಕದ ದಕ್ಷಿಣ ತುದಿಯ ಕೇಪ್ ವಸಾಹತಿನ ಡಚ್ ಗವರ್ನರ್ ವಾನ್ ಪ್ಲೆಟನ್‌ಬರ್ಗ್ ಶತ್ರುಗಳಲ್ಲಿ ಉಳಿದವರನ್ನು ಹುಡುಕಿ ತರಲು ಗಾಡಿಗಳ ತಂಡವನ್ನು ಕಳುಹಿಸಿದನು. ಆ ತಂಡಕ್ಕೆ ದೊರೆತವರಲ್ಲಿ ಹಬರ್ಲಿ ಇದ್ದನು. ಹಿಂದೂಸ್ಥಾನದ ಕೆಲವು ಲಸ್ಕರರೂ ಇಬ್ಬರು ಆಯಾಗಳೂ ಇದ್ದರು. ಕೇಪನ್ನು ಸೇರಿದವರ ಒಟ್ಟು ಸಂಖ್ಯೆ 18. ಅವರಲ್ಲಿ ಕೆಲವರ ಹೇಳಿಕೆಗಳನ್ನು ಅಲೆಗ್ಸಾಂಡರ್ ಡಾಲ್ರಿಂಪಲ್ ಕಂಪನಿಗಾಗಿ 1783ರಲ್ಲಿ ವರದಿಯಾಗಿ ಬರೆದನು. ಆ ಆಯಾಗಳು ನಾಯಕನ ಗುಂಪಿನೊಡನೆ ಹಿಂದುಳಿದಿದ್ದವರು. ಹಿಂದುಳಿದ ಹೆಂಗಸರ ಬಗ್ಗೆ ಲೋಕಕ್ಕೆ ತಿಳಿದಿರುವ ಅಲ್ಪ ಸ್ವಲ್ಪವೂ ಬಹುಪಾಲು ಅವರ ಬಾಯಿಂದ ಬಂದುದು. ಅವರ ಊರು ಯಾವುದು, ತಾಯಿ ಯಾರು, ಯಾವ ಭಾಷೆಯಲ್ಲಿ ದೇವರನ್ನು ಕರೆದರು ಎಂಬುದನ್ನು ಆ ಕಾಲದ ಬರಹಗಾರರು ಕೇಳಿ ಬರೆಯಬೇಕಾಗಿತ್ತು. ಬೇರೆಯವರ ಮಕ್ಕಳನ್ನು ಎತ್ತಿ ಆಡಿಸಲೆಂದು ಸಮುದ್ರ ದಾಟಿದ ಆ ಇಬ್ಬರು ಹೆಂಗಸರು, ನಮ್ಮ ದೇಶದ ಮಣ್ಣಿನವರು, ನಾಯಕನೂ ಕರ್ನಲನೂ ರೆಸಿಡೆಂಟನೂ ನಡೆದು ಮುಗಿಸಲಾಗದ ದಾರಿಯಲ್ಲಿ ಬದುಕಿ ಬಂದರು. ಅವರಿಗೆ ನಾನು ಇಲ್ಲಿಂದಲೇ ಕೈಮುಗಿಯುತ್ತೇನೆ.

ಬದುಕಿದವರು ತಮ್ಮನ್ನು ಕಾಪಾಡಿದುದು ದೈವವೆಂದರು. ಹಾಗಾದರೆ ಸತ್ತವರನ್ನು ಕೈಬಿಟ್ಟುದೂ ಅದೇ ದೈವವೆ ಎಂದು ಯಾರಾದರೂ ಕೇಳಿಯಾರು. ಆ ಪ್ರಶ್ನೆಗೆ ಉತ್ತರವನ್ನು ಬಲ್ಲೆನೆಂದು ನಾನು ಹೇಳಲಾರೆ. ಧರ್ಮದ ಬೇರನ್ನು ಕರುಣೆಯಲ್ಲಿ ಕಂಡ ನಮ್ಮ ಶರಣರ ದಾರಿ ಹಿಡಿದು ಇಷ್ಟನ್ನು ಮಾತ್ರ ಹೇಳಬಲ್ಲೆ. ಬಂಡೆ ಯಾರನ್ನು ಒಡೆಯುತ್ತದೆ, ಅಲೆ ಯಾರನ್ನು ದಡಕ್ಕೆ ಎಸೆಯುತ್ತದೆ ಎಂಬುದರಲ್ಲಿ ದೇವರನ್ನು ಹುಡುಕುವುದಕ್ಕಿಂತ, ದಡಕ್ಕೆ ಬಿದ್ದವನ ಕಡೆಗೆ ಚಾಚಿದ ಕೈಯಲ್ಲಿ ಹುಡುಕುವುದು ಮೇಲು. ಅಲೆಗೆ ಆಯ್ಕೆಯಿಲ್ಲ. ಕೈಗೆ ಆಯ್ಕೆಯುಂಟು, ಆಯ್ಕೆಯಿರುವಲ್ಲಿ ಧರ್ಮವುಂಟು.

ನಮ್ಮ ಬಾಳಿನಲ್ಲಿಯೂ ಹಡಗುಗಳು ಒಡೆಯುತ್ತವೆ. ಮನೆತನ ಒಡೆಯುತ್ತದೆ, ಉದ್ಯೋಗ ಹೋಗುತ್ತದೆ, ಕ್ಷಾಮ ಬರುತ್ತದೆ, ಸಾಂಕ್ರಾಮಿಕ ಬರುತ್ತದೆ; ಆಗೆಲ್ಲ ಮೊದಲು ಕಿವಿಗೆ ಬೀಳುವ ಮಾತು, ಈಗ ಅವರವರ ಪಾಡು ಅವರವರಿಗೆ ಎಂಬುದು. ಆ ಮಾತಿಗೆ ಶಾಸ್ತ್ರದ ಆಧಾರವಿದೆಯೆಂದು ಯಾರೂ ತಿಳಿಯಬೇಡಿ. ಆಪತ್ತು ನಿಮಗೆ ಎಂಜಲನ್ನು ತಿನ್ನುವ ಅನುಮತಿ ಕೊಟ್ಟೀತು. ನಿಮ್ಮನ್ನು ನೆಚ್ಚಿ ಹಿಂದೆ ಓಡಿಬಂದ ಮಗುವನ್ನು ಇಳಿಸಿ ನಡೆಯುವ ಅನುಮತಿಯನ್ನು ಕೊಡದು. ಹೆನ್ರಿ ಲಿಲ್‌ಬರ್ನ್ ಶಾಸ್ತ್ರಜ್ಞನಲ್ಲ, ಸಂತನಲ್ಲ; ಹಡಗಿನ ಸ್ಟೂವರ್ಡ್. ಆ ಹುಡುಗ ಅವನಿಗೆ ಮಗನಲ್ಲ, ಬಂಧುವಲ್ಲ. ಅವನ ಸಂಬಳ ಆಗಸ್ಟ್ 4ರಂದೇ ನಿಂತುಹೋಗಿತ್ತು.